ಮೀನಿನ ಫ್ರೀಜರ್‌ನಲ್ಲಿ ಉಳಿದ ಗಜನಿ ಕರಾರು

ಕೆಲವು ವರ್ಷಗಳ ಹಿಂದಿನ ಮಾತು. ಅಂಕೋಲೆಯ ಬಾಳೆಗುಳಿ ಸಮೀಪದ ಒಂದು ಖಾಸಗಿ ಟ್ರಸ್ಟಿನ ದಾಖಲೆ ಸಂಗ್ರಹಾಲಯದಲ್ಲಿ ನಾನು ಆರ್ಕೈವಿಸ್ಟ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕರಾವಳಿ ಊರುಗಳ ಹಳೆಯ ಕರಾರುಪತ್ರ, ನಕ್ಷೆ, ಮನೆತನದ ಕಾಗದಗಳನ್ನು ಕಾಪಾಡುವುದು ನಮ್ಮ ಕೆಲಸ. ಆ ಆಗಸ್ಟ್‌ನಲ್ಲಿ ಮಳೆ ಬಿಡದೆ ಹೊಡೆದು ಹಿಂದಿನ ಹಳ್ಳ ಉಕ್ಕಿತು. ನೀರಿಳಿದ ಬೆಳಿಗ್ಗೆ ಬಾಗಿಲು ತೆರೆದರೆ ಕೆಳಗಿನ ಕಪಾಟಿನ ಮೂವತ್ತೆರಡು ಕಟ್ಟುಗಳು ಕೆಸರುನೀರು ಕುಡಿದು ಊದಿಕೊಂಡಿದ್ದವು.

ಅವುಗಳಲ್ಲಿ ಹತ್ತಿರದ ಬೆಳಂಬಾರ ಊರಿನ ಕಟ್ಟೂ ಒಂದು. ಗಜನಿ ಎಂದರೆ ಉಪ್ಪುನೀರು ಹತ್ತುವ ತಗ್ಗು ಗದ್ದೆ. ಅಲ್ಲಿಯ ಗಜನಿಯನ್ನು ಹದಿನಾಲ್ಕು ಮನೆಗಳು ಒಟ್ಟಿಗೆ ಒಡ್ಡು ಕಟ್ಟಿ ಸಾಗುವಳಿ ಮಾಡುತ್ತೇವೆಂದು ಬರೆದುಕೊಂಡ ಹಳೆಯ ಕರಾರು ಅದರಲ್ಲಿತ್ತು. ಈಗ ಹೊರಗಿನವರೊಬ್ಬರು ಸೀಗಡಿ ಹೊಂಡ ತೋಡಲು ಆ ಜಾಗ ತಮ್ಮದೆಂದು ಅರ್ಜಿ ಹಾಕಿದ್ದರು. ಡಿಸೆಂಬರ್‌ನಲ್ಲಿ ಕಂದಾಯ ಅಧಿಕಾರಿಯ ಮುಂದೆ ವಿಚಾರಣೆ. ಕರಾರಿನ ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಮನೆಗಳ ಪರವಾಗಿ ಓಡಾಡುತ್ತಿದ್ದ ಸೋಮು ಗೌಡರು ಸುದ್ದಿ ತಿಳಿದು ಓಡಿಬಂದರು.

“ಅಮಾ, ಅದ್ ಹೋದ್ರೆ ನಾವ್ ಎಂತ ತೋರ್ಸೂದು?” ಎಂದರು.

ನಾನು ಅವಸರಕ್ಕೆ ಬೇರೊಂದು ಕಟ್ಟು ಬಿಡಿಸಲು ಹೋಗಿ ನಾಲ್ಕು ಹಾಳೆ ಹರಿದೆ. ಹಿಂದೊಮ್ಮೆ ವಿನಿಮಯ ತರಬೇತಿಗೆಂದು ಆರು ವಾರ ಲಿಸ್ಬನ್‌ನಲ್ಲಿದ್ದಾಗ ನನಗೆ ಕಲಿಸಿದ್ದ ಕಾಗದ ಸಂರಕ್ಷಕಿ ಮಾರ್ಗರಿದಾ ನೆನಪಾದಳು. ಶಿಷ್ಯೆ ಹೀಗೆ ಸೋತು ಫೋನ್ ಮಾಡುವುದೇ ಎಂಬ ಸಂಕೋಚದಲ್ಲಿ ಇನ್ನಷ್ಟು ಹೊತ್ತು ಕಳೆದೆ. ಕೊನೆಗೆ ಕರೆ ಮಾಡಿದೆ.

ಅವಳು ಬೈಯಲಿಲ್ಲ. ಹಾಳಾದದ್ದನ್ನು ವಿಡಿಯೋದಲ್ಲಿ ನೋಡಿ, “ಇನ್ನೊಂದನ್ನೂ ಮುಟ್ಟಬೇಡ. ಎರಡು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಇಡಿಯಾಗಿ ಹೆಪ್ಪುಗಟ್ಟಿಸು” ಎಂದಳು. ಫ್ರೀಜ್ ಮಾಡಿದರೆ ಒದ್ದೆ ಕಾಗದ ಇದ್ದಂತೆಯೇ ನಿಲ್ಲುತ್ತದೆ. ಆಮೇಲೆ ಸಾವಕಾಶವಾಗಿ ಒಂದೊಂದೇ ಒಣಗಿಸಬಹುದು. ಆದರೆ ಅಂಥ ಫ್ರೀಜರ್ ಎಲ್ಲಿಂದ ತರುವುದು?

ಕಾರವಾರದಲ್ಲಿ ಮೀನು ಹೆಪ್ಪುಗಟ್ಟಿಸುವ ಘಟಕವಿಟ್ಟುಕೊಂಡಿದ್ದ ದೇವಿದಾಸ ತಾಂಡೇಲರ ಬಳಿ ಹೋದೆ. ನನ್ನ ಮಾತು ಕೇಳಿ ಅವರು ತಲೆ ಕೆರೆದುಕೊಂಡರು.

“ಕಾಗದಕ್ಕೆ ಮೀನ್ ವಾಸ್ನೆ ಹತ್ತತದೆ ಬಾಯಿ. ಆಮೇಲೆ ನನ್ಗೆ ಬೈಬೇಡ್ರಿ.”

“ವಾಸನೆ ಹತ್ತಲಿ, ಅಕ್ಷರ ಉಳಿಯಲಿ” ಎಂದೆ.

ಅವರು ನಕ್ಕರು. ಗಾಳಿಗೆ ದೋಣಿಗಳು ಕಡಲಿಗಿಳಿದಿರಲಿಲ್ಲ, ಒಂದು ಕೋಣೆ ಖಾಲಿಯಿತ್ತು. ಮೀನಿನ ಕ್ರೇಟುಗಳನ್ನು ತಾವೇ ನಿಂತು ತೊಳೆಸಿ ಕೊಟ್ಟರು. ಪಾಲಿಥಿನ್‌ನಲ್ಲಿ ಸುತ್ತಿದ ಕಟ್ಟುಗಳು ಅದೇ ಸಂಜೆ ಒಳಗೆ ಹೋದವು.

ನವೆಂಬರ್‌ನಲ್ಲಿ ಮಾರ್ಗರಿದಾ ತನ್ನ ರಜೆ ಹಾಕಿ ಬಂದಳು. ಎರಡು ಪೆಟ್ಟಿಗೆ ತುಂಬ ಬ್ಲಾಟಿಂಗ್ ಪೇಪರ್, ಜಪಾನಿನ ಸಹೋದ್ಯೋಗಿಯೊಬ್ಬರು ಅವಳ ಕೈಗೆ ಕಳಿಸಿದ್ದ, ಹರಿದಲ್ಲಿ ಅಂಟಿಸುವ ತೆಳ್ಳನೆ ಕಾಗದ ತಂದಿದ್ದಳು. ನಾವು ದಿನಕ್ಕೆ ಎರಡು ಕಟ್ಟಿನ ಹೆಪ್ಪು ಕರಗಿಸಿ, ಹಾಳೆ ಬಿಡಿಸಿ, ಫ್ಯಾನಿನ ಕೆಳಗೆ ಹರವಿದೆವು. ಬೆಳಂಬಾರದ ಕಟ್ಟಿನ ಸರದಿ ಬಂದಾಗ ಕೆಲಸ ನಿಂತಿತು. ಕರಾರಿನ ಎರಡು ಹಾಳೆ ಗೋಂದು ಹಚ್ಚಿದಂತೆ ಅಂಟಿದ್ದವು. ಮಾರ್ಗರಿದಾ ಅಂಚಿನಿಂದ ತೆಳು ಅಲಗು ತೂರಿಸಿದರೆ ಅಂಚೇ ಪುಡಿಯಾಗುತ್ತಿತ್ತು.

ಹಾಳೆ ಹರವಲು ಬರುತ್ತಿದ್ದ ನಾಗಿ ಬೆಳಂಬಾರದವಳೇ. ಗದ್ದೆ ಕೂಲಿಯಲ್ಲಿ ಬೆಳೆದ ಕೈ ಅವಳದು. ನೋಡುತ್ತಿದ್ದವಳು ತಡೆಯಲಾರದೆ ಹೇಳಿದಳು: “ತುದಿ ಹಿಡ್ದ್ರೆ ಹರೀತದೆ ಅಮಾ. ಸಸಿ ಬಿಡ್ಸೂದು ಬೇರಿನ್ ಬದಿಂದ ಅಲ್ವಾ?”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮಾರ್ಗರಿದಾ ಕಟ್ಟನ್ನು ತಿರುಗಿಸಿ, ಹೊಲಿಗೆಯ ಬದಿಯನ್ನು ಬೆಳಕಿಗೆ ಹಿಡಿದಳು. ನೀರು ಅಲ್ಲಿಯವರೆಗೆ ಪೂರ್ತಿ ಮುಟ್ಟಿರಲಿಲ್ಲ, ಕಾಗದ ಗಟ್ಟಿಯಿತ್ತು. ಅವಳು ಕುರ್ಚಿಯಿಂದ ಎದ್ದು ಅಲಗನ್ನು ನಾಗಿಯ ಕೈಗಿಟ್ಟಳು.

“ನಂಗೆ ಓದೂಕೆ ಬರೂದಿಲ್ಲ” ಎಂದು ನಾಗಿ ಹಿಂಜರಿದಳು.

“ಇದಕ್ಕೆ ಓದು ಬೇಡ, ಕೈ ಬೇಕು” ಎಂದೆ.

ನಾಗಿ ಅಲಗನ್ನು ಬದಿಗಿಟ್ಟು ಬೆರಳಿನಿಂದಲೇ ಶುರುಮಾಡಿದಳು. ಹೊಲಿಗೆಯ ಹತ್ತಿರ ಸಣ್ಣ ಬಾಯಿ ಬಿಡಿಸಿ, ಬೆರಳು ಒದ್ದೆ ಮಾಡಿಕೊಂಡು, ಕೂದಲಿನಷ್ಟು ಕೂದಲಿನಷ್ಟೇ ಮುಂದೆ ಹೋದಳು. ಮಾರ್ಗರಿದಾ ಅವಳ ಪಕ್ಕ ಮೊಣಕಾಲೂರಿ ಕುಳಿತು, ಪ್ರತಿ ಚಲನೆಯನ್ನೂ ತನ್ನ ಪುಸ್ತಕದಲ್ಲಿ ಚಿತ್ರ ಬರೆದುಕೊಂಡಳು. ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ. ಮೂರು ಗಂಟೆಯ ಹೊತ್ತಿಗೆ ಹಾಳೆ ಬೇರೆಯಾಯಿತು. ಶಾಯಿ ಒಂದು ಮೂಲೆಯಲ್ಲಿ ಹರಡಿತ್ತು. ಹದಿನಾಲ್ಕು ಹೆಸರುಗಳೂ ಇದ್ದವು. ನಾನು ಗಟ್ಟಿಯಾಗಿ ಓದುತ್ತ ಹೋದಾಗ ಒಂಬತ್ತನೆಯ ಹೆಸರಿಗೆ ನಾಗಿ ಕಣ್ಣೊರೆಸಿಕೊಂಡಳು. ಅದು ಅವಳ ಮುತ್ತಜ್ಜನದು.

ವಿಚಾರಣೆಯಲ್ಲಿ ಅಧಿಕಾರಿ ಆ ಹಾಳೆಯನ್ನು ಎರಡು ಸಲ ಓದಿಸಿ ದಾಖಲೆಗೆ ತೆಗೆದುಕೊಂಡರು. ಸೀಗಡಿ ಹೊಂಡದ ಅರ್ಜಿ ವಜಾ ಆಯಿತು. ಮುಂದಿನ ಮಳೆಗೆ ಹದಿನಾಲ್ಕು ಮನೆಯವರೂ ಗಜನಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬಿತ್ತಿದರು.

ಮರುವರ್ಷ ಲಿಸ್ಬನ್‌ನಿಂದ ಕರೆ ಬಂತು. ತನ್ನ ತರಬೇತಿಯ ಹೊಸಬರಿಗೆ ಅಂಟಿದ ಹಾಳೆ ಬಿಡಿಸುವುದನ್ನು ವಿಡಿಯೋದಲ್ಲಿ ತೋರಿಸಬೇಕೆಂದು ಮಾರ್ಗರಿದಾ ಕೇಳಿದ್ದು ನನ್ನನ್ನಲ್ಲ, ನಾಗಿಯನ್ನು. ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದ ನಾಗಿ ಕ್ಯಾಮೆರಾದ ಮುಂದೆ ಕುಳಿತು, “ಅವರ್ಗೆ ಹೇಳಿ, ಅವಸರ ಮಾಡೂಕಾಗ್ದು” ಎಂದಳು. ನಾನು ಪಕ್ಕದಲ್ಲಿ ಕುಳಿತು ಅನುವಾದಿಸಿದೆ.

ವೃತ್ತಿ ನನಗೆ ಕಲಿಸಿದ್ದು ಇಷ್ಟು: ದಾಖಲೆ ಕಾಯುವವರು ಮೊದಲು ಕಲಿಯಬೇಕಾದ ಮಾತು “ನನಗೆ ಗೊತ್ತಿಲ್ಲ” ಎಂಬುದು. ಅದನ್ನು ದೂರದ ದೇಶಕ್ಕೂ ಹೇಳಬೇಕು, ಪಕ್ಕದಲ್ಲಿ ನಿಂತವರಿಗೂ ಹೇಳಬೇಕು.