ಲಾರಿ ಟ್ಯೂಬಿನ ಮೇಲೆ ಕೂತವನು

ಮಾಸ್ತಿಯಲ್ಲಿ ಬಸ್ಸು ನಿಲ್ಲುವ ಕಡೆ ಪಂಕ್ಚರ್ ಹಾಕುತ್ತಿದ್ದ ಅವನು ಸಾಯಂಕಾಲ ಲಾರಿ ಟ್ಯೂಬಿನ ಮೇಲೆ ಕೂತು ಕೆರೆಯಲ್ಲಿ ಗಾಳ ಹಾಕುತ್ತಿದ್ದ. ಎಮರ್ಜೆನ್ಸಿ ಮುಗಿದ ಮೇಲಿನ ಮಾತು. ನನಗೆ ಮೀನಿನ ಸಾರಿನ ಚಪಲ, ನನ್ನ ಗಂಡನಿಗೆ ನೀರೆಂದರೆ ಹೆದರಿಕೆ. ನನಗೂ ಈಜು ಬಾರದು. ಆದರೂ ಅವನ ಹತ್ತಿರ ಹೋಗಿ ಗಾಳ ಹಾಕೋದು ಕಲಿಸು ಎಂದೆ.

"ಟ್ರಾಕ್ಟರ್ ಟ್ಯೂಬು ಬೇಡಕ್ಕ, ತಿರುಗಲ್ಲ. ಕಾರಿಂದು ಮುಳುಗ್ತೈತೆ," ಎಂದು ಲಾರಿ ಟ್ಯೂಬೊಂದನ್ನು ಆರಿಸಿದ. ಗಾಳಿ ಸೋರುತ್ತದೆಯೇ ಎಂದು ಕಿವಿ ಇಟ್ಟು ಆಲಿಸಿದ. ಕೂರಲು ನಡುವೆ ಹಗ್ಗ ಹೆಣೆದ. ಗಿಡ್ಡ ಬಿದಿರುಕೋಲು ಕೊಟ್ಟ. ಮಾತುಮಾತಿಗೂ, "ಸಿಕ್ಕಿದ್ದು ಬಿಡಬಾರದಕ್ಕ," ಎನ್ನುತ್ತಿದ್ದ.

ಮೊದಲ ದಿನವೇ ನನ್ನ ಗಾಳಕ್ಕೆ ಮೀಸೆಯ, ಮುಳ್ಳು ಚುಚ್ಚುವ ಚೇಳುಮೀನು ಬಿತ್ತು. ಬಿಡಬಾರದಲ್ಲ, ತೊಡೆಗೆ ಅದುಮಿ ಹಿಡಿದೆ.

"ಬಿಡಕ್ಕ! ವದಿಲೇಯ್!" ಎಂದು ಅವನು ದೂರದಿಂದ ಕನ್ನಡಕ್ಕೆ ತೆಲುಗೂ ಸೇರಿಸಿ ಕೂಗಿದ.

"ಬಿಡಬಾರದು ಅಂದಿದ್ಯಲ್ಲೋ!"

ಅಷ್ಟರಲ್ಲಿ ಮೀನಿನ ಮುಳ್ಳು ಟ್ಯೂಬಿಗೆ ಚುಚ್ಚಿ ಗಾಳಿ ಬುಸ್ಸೆಂದಿತು. ನಾನು ಸೊಂಟದವರೆಗೆ ಇಳಿದಿದ್ದೆ. ಅವನು ಈಜಿ ಬಂದು, ತೂತಿಗೆ ಹೆಬ್ಬೆರಳು ಒತ್ತಿ, ಕಾಲು ಬಡಿಯುತ್ತ ನನ್ನನ್ನು ದಡಕ್ಕೆ ತಂದ.

"ಮೀನೆಲ್ಲಿ?" ಎಂದ. ಸೆರಗಿನ ಗಂಟು ಬಿಚ್ಚಿ ತೋರಿಸಿದೆ.

"ಹಂಗೇ. ಸಿಕ್ಕಿದ್ದು ಬಿಡಬಾರದಕ್ಕ," ಎಂದ.

ಮಾರನೆಯ ದಿನ ಮುಳ್ಳು ನಾಟದಿರಲೆಂದು ನಾನು ನನ್ನ ಟ್ಯೂಬಿಗೆ ಗೋಣಿ ಸುತ್ತಿದೆ. ಅವನು ತನ್ನದಕ್ಕೆ ಸುತ್ತಲಿಲ್ಲ. ಯಾಕೋ ಎಂದೆ.

"ಗೋಣಿ ಸುತ್ತಿದ್ರೆ ಗಾಳಿ ಹೋಗೋ ಸದ್ದು ಕೇಳ್ಸಲ್ಲಕ್ಕ."

ನಾನು ಗೋಣಿ ಬಿಚ್ಚಿದೆ. ನೀರು ನೋಡಿ ಮತ್ತೆ ಸುತ್ತಿದೆ. ಯಾವುದು ಸರಿಯೋ ಇವತ್ತಿಗೂ ಗೊತ್ತಿಲ್ಲ.