ಕ್ಲಚ್ ಮೇಲಿನ ಕಾಲು

ನಮ್ಮ ಮನೆಯ ಪಿಕಪ್ ಗಾಡಿಯನ್ನು ಎರಡು ವರ್ಷ ನಾನೇ ಓಡಿಸಿದೆ. ಕಲಿಸಿದವನು ನನ್ನ ಅಣ್ಣ. ಜತ್ತದಲ್ಲಿ ಅವನದೊಂದು ಗ್ಯಾರೇಜು. ನಮ್ಮೂರು ಉಟಗಿಯ ಕುರಿಗಳನ್ನು ಸಂತೆಗೆ ಒಯ್ದು, ಬರುವಾಗ ಹಿಂಡಿ ಚೀಲ ಹೇರಿಕೊಂಡು ಬರುತ್ತಿದ್ದೆ. ಸೊಸೆಯ ಕೈಗೆ ಗಾಡಿ ಕೊಡಲು ಮಾವನವರಿಗೆ ಸುತರಾಂ ಮನಸ್ಸಿರಲಿಲ್ಲ. ನಿನ್ನಿಂದ ಗಾಡಿ ಕೆಟ್ಟರೆ ಆ ದಿನವೇ ಚಾವಿ ನನಗೆ ಬರಬೇಕು ಎಂದಿದ್ದರು. ಗಂಡ ಆಗಲೂ ಅಪ್ಪನ ಮಾತಿಗೆ ಹೂಂ ಎಂದರು, ಈಗಲೂ ಅಷ್ಟೇ. ಹೋಗಲಿ, ಅವರ ಮಾತು ಬೇಡ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಏರಿನಲ್ಲಿ ಎಂಜಿನ್ ಜೋರಾಗಿ ಕೂಗತೊಡಗಿತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಹೇಗೋ ಸಮ ನೆಲಕ್ಕೆ ತಂದು ಅಣ್ಣ ಕಲಿಸಿದ್ದ ಪರೀಕ್ಷೆ ಮಾಡಿದೆ. ಹ್ಯಾಂಡ್‌ಬ್ರೇಕ್ ಎಳೆದು, ಮೇಲಿನ ಗೇರಿಗೆ ಹಾಕಿ, ನಿಧಾನಕ್ಕೆ ಕ್ಲಚ್ ಬಿಡಬೇಕು. ಎಂಜಿನ್ ಬಂದ್ ಬಿದ್ದರೆ ಕ್ಲಚ್ ಪ್ಲೇಟ್ ನೆಟ್ಟಗಿದೆ ಎಂದರ್ಥ. ಬಂದ್ ಬೀಳಲಿಲ್ಲ. ಪ್ಲೇಟ್ ಜಾರುತ್ತಿತ್ತು. ಮನೆಗೆ ಫೋನ್ ಮಾಡಿ ತಿಳಿಸಿ, ಕುರಿಗಳನ್ನು ಬೇರೆ ಜೀಪಿಗೆ ಹತ್ತಿಸಿ, ಮೆಲ್ಲಗೆ ಅಣ್ಣನ ಗ್ಯಾರೇಜಿಗೆ ಒಯ್ದೆ. ಬೇರೆ ಯಾರ ಹತ್ತಿರ ಹೋಗಲಿ?

ಅವನು ಗೇರ್‌ಬಾಕ್ಸ್ ಇಳಿಸಿ ಪ್ಲೇಟ್ ತೆಗೆದ. ನಾನು ಮಗ್ಗುಲಲ್ಲೇ ಕೂತಿದ್ದೆ. ಕ್ಲಚ್ ಮೇಲೆ ಸದಾ ಕಾಲಿಟ್ಟು ಸವೆಸಿದ ಪ್ಲೇಟು ಸುಟ್ಟು ಒಣಗಿರುತ್ತದೆ ಎಂದು ಹೇಳಿಕೊಟ್ಟವನೂ ಅವನೇ. ಈ ಪ್ಲೇಟು ಹಸಿಯಾಗಿತ್ತು. ಒತ್ತಿದರೆ ಬೆರಳಿಗೆ ಕರಿ ಎಣ್ಣೆ. ಎಣ್ಣೆ ತಡೆಯಲು ಎಂಜಿನ್ ಹಿಂದೆ ಹಾಕುವ ರಬ್ಬರ್ ಸೀಲಿನಿಂದ ಸೋರಿ ಅದರ ಮೇಲೆ ಬಿದ್ದಿತ್ತು. ಆ ಸೀಲನ್ನು ಚಳಿಗಾಲದಲ್ಲಿ ಕೂರಿಸಿದವನು ಇದೇ ಅಣ್ಣ. ನಾನು ಅವನ ಮುಖ ನೋಡಿದೆ. ಅವನು ನನ್ನ ಬೆರಳು ನೋಡಿದ.

ಅಷ್ಟರಲ್ಲಿ ಮಾವನವರು ಎಸ್.ಟಿ. ಬಸ್ ಇಳಿದು ಬಂದು, ಏನಾಗಿದೆ ಎಂದು ಕೇಳಿದರು. ಅಣ್ಣ ಅರಿವೆಯಿಂದ ಪ್ಲೇಟ್ ಒರೆಸುತ್ತ ಹೇಳಿದ.

"ಕ್ಲಚ್ ಮ್ಯಾಲ ಕಾಲ ಇಟಗೊಂಡ ಹೊಡದಾಳ್ರಿ ಮಾವಾರ. ಹೆಣಮಕ್ಕಳಿಗೆ ಅಂಜಿಕಿ ಇರತೈತಿ."

ಅಲ್ಲ, ಎಣ್ಣೆ ಸೋರಿದೆ ಎಂದೆ. ಬೆರಳು ತೋರಿಸಿದೆ. ಗ್ಯಾರೇಜಿನಲ್ಲಿ ಕೂತರೆ ಕೈಗೆ ಎಣ್ಣೆ ಹತ್ತದೆ ಅತ್ತರು ಹತ್ತುತ್ತದೆಯೇ ಎಂದು ಮಾವನವರು ನಕ್ಕರು. ಅಣ್ಣನೂ ನಕ್ಕ. ಚಾವಿಯನ್ನು ಅಲ್ಲೇ ಕೊಟ್ಟೆ, ಸಂಜೆ ಬಸ್ಸಿನಲ್ಲಿ ಮಾವನವರ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಬಂದೆ.

ಅಂದಿನಿಂದ ಗಾಡಿ ಗಂಡನ ಕೈಯಲ್ಲಿದೆ. ಪ್ಲೇಟು ಮತ್ತೆ ಜಾರಲಿಲ್ಲ. ನೀನು ಬಿಟ್ಟ ಮೇಲೆ ಗಾಡಿ ಎಷ್ಟು ಚಲೋ ನಡೆದಿದೆ ನೋಡು ಎಂದು ಮಾವನವರು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದರು. ನಾನು ಬಡಿಸುತ್ತಿದ್ದೆ.

ನಾಗರ ಪಂಚಮಿಗೆ ನನ್ನನ್ನು ಕರೆದೊಯ್ಯಲು ಅಣ್ಣ ಮೋಟಾರ್ ಸೈಕಲ್ ಮೇಲೆ ಬಂದ. ತವರು ಸೊರಡಿ. ಅವ್ವ ಉಂಡಿ ಕಟ್ಟಿಕೊಂಡು ಕಾಯುತ್ತಿದ್ದಳು. ಊರು ದಾಟಿದ ಮೇಲೆ ಅವನು ಹಿಂದೆ ತಿರುಗದೆಯೇ ಮಾತು ತೆಗೆದ.

"ಅವತ್ತ ಹೊಸಾ ಸೀಲ್ ಹಾಕೇನಿ, ಯಾರ ಮುಂದೂ ಅನಬ್ಯಾಡ. ನನ್ನ ಕೈ ತಪ್ಪಿತಂದ್ರ ಗ್ಯಾರೇಜಿಗೆ ಯಾರ ಬರತಾರ? ನಿಂದೇನ, ಮನ್ಯಾಗ ಇರಾಕಿ."

ಗಾಡಿ ನಿಲ್ಲಿಸು ಎಂದೆ. ಇಳಿದೆ.

"ನಾ ಯಾಕ ಬರಲಿಲ್ಲ ಅಂತ ಅವ್ವಗ ನೀನ ಹೇಳು. ಖರೇ ಹೇಳು."

ಅವನು ಎಷ್ಟು ಕರೆದರೂ ಹೊರಳಿ ನೋಡದೆ, ಚೀಲ ಹಿಡಿದು ಮನೆಗೆ ನಡೆದುಬಂದೆ. ಸಂಜೆ ಅವ್ವನ ಫೋನ್ ಬಂತು.

"ಅಣ್ಣ ಹೇಳಿದ ಮಗಳ. ಕಾಲ ಭಾಳ ಬ್ಯಾನಿ ಆಗೈತಂತಲ್ಲ, ಈಗ ಹೆಂಗೈತಿ?" ಎಂದು ಕೇಳಿದಳು.