ಮಲ್ಲಿಯ ಕಂಬಳಿಯೊಳಗಿನ ತಾಯತ

ಶಿವು, ಮಲ್ಲಿಯ ಬೆನ್ನಿಗೆ ಆ ಹುಣ್ಣು ಮಾಡಿದವಳು ನಾನು. ನೀನು ಜೀನು ಬಿಗಿದದ್ದರಲ್ಲಿ ಯಾವ ತಪ್ಪೂ ಇರಲಿಲ್ಲ — ಅದು ನನಗೆ ಅವತ್ತೇ ಗೊತ್ತಿತ್ತು.

ಬಾಪೂಜಿ ನಗರದ ಮನೆಯ ಹಿಂದೆ ನಿಮ್ಮಣ್ಣ ಮದುವೆ ಮೆರವಣಿಗೆಗೆಂದು ಸಾಕಿದ್ದ ಬಿಳಿ ಕುದುರೆ ಅವಳು. ನೋಡಿಕೊಳ್ಳುತ್ತಿದ್ದವನು ನೀನು. ವಿಜಯನಗರದ ಛತ್ರಗಳಲ್ಲಿ ಜನ ಮದುಮಗನನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು — ಮದುಮಗಂದಿರೂ ನೋಡುವ ಹಾಗೇನೂ ಇರುತ್ತಿರಲಿಲ್ಲ, ಬಿಡು. ನನಗೆ ದೃಷ್ಟಿಯ ಭಯ. ಕೊರಳಿಗೆ ಕರಿದಾರ ಕಟ್ಟಿದರೆ ಶುಭಕಾರ್ಯಕ್ಕೆ ಆಗದೆಂದು ಬೀಗರು ತಗಾದೆ ತೆಗೆಯುತ್ತಾರೆ. ಅದಕ್ಕೇ ಜೀನಿನ ಕೆಳಗೆ ಹಾಸುವ ಕಂಬಳಿಯ ಮಡಿಕೆಯೊಳಗೆ ತಾಮ್ರದ ತಾಯತವೊಂದನ್ನು ಇಟ್ಟು ಹೊಲಿದೆ. ಹೇಳಿದರೆ ಫಲ ಹೋಗುತ್ತದೆಂದು ಯಾರಿಗೂ ಹೇಳಲಿಲ್ಲ.

ಆಮೇಲೆ ಮಲ್ಲಿ ಜೀನು ಕಂಡರೆ ಕಿವಿ ಹಿಂದಕ್ಕೆ ಮಡಚತೊಡಗಿದಳು. ಹೊಟ್ಟೆಪಟ್ಟಿ ಬಿಗಿಯಲು ಹೋದ ನಿನ್ನ ತೋಳನ್ನೇ ಕಚ್ಚಿದಳು. ದೃಷ್ಟಿ ತಾಗಿಯೇಬಿಟ್ಟಿತು ಅಂದುಕೊಂಡೆ. ಒಂದು ಸಾಲದೆಂದು — ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ — ಪಕ್ಕದಲ್ಲೇ ಇನ್ನೊಂದು ಹೊಲಿದೆ.

"ಬೆನ್ನು ಊದಿದೆ ಅತ್ಗೆ, ಈ ವಾರ ಬೇಡ" ಎಂದೆ ನೀನು.

"ಮುಹೂರ್ತ ಇರೋದೇ ಈಗ. ಅರಿಶಿನ ಮೆತ್ತಿ ಕರ್ಕೊಂಡ್ ಹೋಗೋ" ಎಂದವಳೂ ನಾನೇ.

ಛತ್ರದ ಮುಂದೆ ದಢೂತಿ ಮದುಮಗ ಹತ್ತಿ ಕೂತ ಕ್ಷಣ ಅವಳು ಮುಂಗಾಲೆತ್ತಿ ನಿಂತಳು. ಪೇಟ ಮೋರಿಗೆ, ಮದುಮಗ ಬ್ಯಾಂಡಿನವರ ಮೇಲೆ. ಮನೆಗೆ ತಂದು ಜೀನು ತೆಗೆದರೆ — ಊತ ಒಡೆದು, ಚರ್ಮ ಸುಲಿದು, ನೊಣ ಮುತ್ತಿ...

"ಜೀನ್ ಕಟ್ಟೋಕೂ ಬರಲ್ವೇನೋ ನಿಂಗೆ? ಕುದುರೆ ಬೆನ್ನೋ, ಗೋಣಿಚೀಲಾನೋ?" ಎಂದು ನಿಮ್ಮಣ್ಣ ಬೀದಿಗೆಲ್ಲ ಕೇಳುವಂತೆ ಕೂಗಿದರು.

ನಾನು ಕಂಬಳಿ ಒಗೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಹೊಲಿಗೆ ಬಿಚ್ಚಿದೆ. ತಾಯತಗಳು ಕೀವಿನಲ್ಲಿ ನೆಂದಿದ್ದವು, ಬಿಳಿ ಕೂದಲು ಅಂಟಿತ್ತು. ಆ ನಾತ! ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹಾಗೇ ಒಳಗೆ ಹೋಗಿ ಉಪ್ಪು, ಮೆಣಸಿನಕಾಯಿ ತಂದು ಮಲ್ಲಿಗೆ ನಿವಾಳಿಸಿದೆ ಶಿವು. "ಯಾವ್ ಮುಂಡೇದ್ರ ಕಣ್ ಬಿತ್ತೋ" ಎಂದು ಗಟ್ಟಿಯಾಗಿ ಬೈದೆ ಬೇರೆ. ನನ್ನನ್ನೇ ಬೈದುಕೊಂಡೆ ಎಂದು ಈಗ ಹೇಳಿದರೆ ಅದೂ ನಾಟಕ. ಥೂ.

"ಅತ್ಗೆ, ಕಂಬಳೀಲಿ ಏನಾದ್ರೂ ಗಟ್ಟಿ ಸಿಕ್ತಾ?" ಎಂದು ನೀನು ಕೇಳಿದೆ.

"ಇಲ್ಲ ಕಣೋ. ಎಲ್ಲಾ ಸರಿಯಾಗೇ ಇತ್ತು."

ಅಷ್ಟೇ. ಮಲ್ಲಿಯನ್ನು ತಲೆಕೆಟ್ಟ ಕುದುರೆ ಎಂದು ಮಾರಿದರು — ಯಾರಿಗೋ, ಎಲ್ಲಿಗೋ. ನೀನು ಸುಂಕದಕಟ್ಟೆಯಲ್ಲಿ ಗಾರ್ಮೆಂಟ್ಸ್ ಗೇಟು ಕಾಯಲು ಹೋದೆ. ಮತ್ತೆ ಯಾವ ಕುದುರೆಯನ್ನೂ ಮುಟ್ಟಲಿಲ್ಲ.

ಇಷ್ಟು ವರ್ಷವಾದ ಮೇಲೆ, ಮೊನ್ನೆ ನಾಮಕರಣದಲ್ಲಿ ನಮ್ಮ ಮೊಮ್ಮಕ್ಕಳು ನಿನ್ನನ್ನು ಸುತ್ತಿಕೊಂಡು, "ಚಿಕ್ತಾತಾ, ಮದುಮಗನ್ನ ಬೀಳ್ಸಿದ್ರಂತೆ?" ಎಂದವು. ನೀನು ನಕ್ಕೆ. "ಹೂಂ ಕಣ್ರೋ, ಜೀನು ಕಟ್ಟೋಕೆ ಬರ್ತಿರ್ಲಿಲ್ಲ ನಂಗೆ." ನಾನು ಪಕ್ಕದಲ್ಲೇ ಹೋಳಿಗೆ ತಿನ್ನುತ್ತಿದ್ದೆ. ಪೂರ್ತಿ ತಿಂದೆ.

ಫೋನಿನಲ್ಲಿ ಬರೆಯುವುದು ಕಲಿತ ಮೇಲೆ ಎಲ್ಲರ ಕಾಲೆಳೆದದ್ದೇ ಆಯಿತು. ಇದನ್ನು ನಿನಗೊಬ್ಬನಿಗೇ ಕಳಿಸಿದರೆ "ಹೋಗ್ಲಿ ಬಿಡಿ ಅತ್ಗೆ" ಎಂದು ಅಳಿಸಿಬಿಡುತ್ತೀಯ. ಅದಕ್ಕೇ ಮನೆಯವರೆಲ್ಲ ಇರುವ ಗ್ರೂಪಿಗೇ ಹಾಕುತ್ತಿದ್ದೇನೆ.

ಮಕ್ಕಳೇ, ಓದಿಕೊಳ್ಳಿ. ನಿಮ್ಮ ಚಿಕ್ಕತಾತನಿಗೆ ಜೀನು ಕಟ್ಟಲು ಚೆನ್ನಾಗಿ ಬರುತ್ತಿತ್ತು.